ಇಂಗ್ಲಿಷ್ ಮೇಲ್ ಪಾಸ್, ಕನ್ನಡ ಮೇಲ್ ಫೇಲ್: ಡಿಜಿಟಲ್ ಸಹಿಯ ತಕರಾರು ಹುಡುಕುವ ಬಗೆ

ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಕಂಪ್ಯೂಟರ್, ಮೇಲ್, ಬಿಲ್ಲಿಂಗ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಅಲ್ಲಿಗೆ ರಾಯಚೂರಿನ ಒಬ್ಬ ವ್ಯಾಪಾರಿಯಿಂದ ಅಕ್ಕಿ ಆರ್ಡರ್ ಮೇಲ್‌ನಲ್ಲಿ ಬರುತ್ತದೆ, ಡಿಜಿಟಲ್ ಸಹಿ ಸಮೇತ. ಗುಮಾಸ್ತರಿಗೆ ನಾನು ಹೇಳಿಕೊಟ್ಟಿದ್ದು ಇಷ್ಟೇ: ಸಹಿ ಸರಿ ಅಂತ ತೋರಿಸಿದರೆ ಲಾರಿ ತುಂಬಿಸಿ, ಇಲ್ಲದಿದ್ದರೆ ನನಗೆ ಫೋನ್ ಮಾಡಿ.

ಒಂದು ಬೆಳಿಗ್ಗೆ ಫೋನ್ ಬಂತು. "ಸರ್, ಲಾರಿ ಬಂದು ನಿಂತೈತ್ರಿ. ಮೇಲ್‌ನ್ಯಾಗ ಸಹಿ ಸರಿ ಇಲ್ಲ ಅಂತ ತೋರ್ಸಾಕತ್ತೈತಿ. ಲೋಡ್ ಮಾಡಿಸ್ಲೇನ್ರಿ, ಬ್ಯಾಡೇನ್ರಿ?"

ಆರ್ಡರ್ ದೊಡ್ಡದೇನಲ್ಲ. ಸೋನಾ ಮಸೂರಿ, 25 ಕೆಜಿಯ 320 ಚೀಲ. ಅಂದರೆ 80 ಕ್ವಿಂಟಲ್. ಆದರೆ ಸಹಿ ಕೆಟ್ಟಿದ್ದಾಗಲೂ ಚೀಲ ಏರಿಸಿಬಿಟ್ಟರೆ ಸಹಿ ನೋಡುವ ಪದ್ಧತಿಯೇ ಸುಮ್ನೆ ಅಲ್ವಾ? ವ್ಯಾಪಾರಿಯ ಹಳೆಯ ನಂಬರಿಗೆ ಫೋನ್ ಮಾಡಿ ಆರ್ಡರ್ ಖಚಿತ ಮಾಡಿಕೊಳ್ಳಿ, ಆಮೇಲೆ ತುಂಬಿಸಿ ಎಂದೆ. ಮೇಲ್‌ನಲ್ಲೇ ಕೊಟ್ಟಿರುವ ನಂಬರಿಗೆ ಮಾತ್ರ ಮಾಡಬೇಡಿ ಅಂತಲೂ ಹೇಳಿದೆ. ಲಾರಿ ಹೋಯಿತು. ತಕರಾರು ನನ್ನ ಪಾಲಿಗೆ ಉಳಿಯಿತು.

ಮೊದಲು ಮೇಲ್ ಕೈಗೆ ಸಿಗಲಿ, ಫಾರ್ವರ್ಡ್ ಬೇಡ

ಇಂಥ ಹೊತ್ತಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು, ಆ ಮೇಲನ್ನು ನಮಗೆ ಫಾರ್ವರ್ಡ್ ಮಾಡುವುದು. ಫಾರ್ವರ್ಡ್ ಮಾಡಿದ ಕ್ಷಣ ಅದು ಬೇರೆ ಮೇಲ್ ಆಗುತ್ತದೆ. ಹಳೆಯ ಸಹಿ ಅಲ್ಲೇ ಸತ್ತುಹೋಗುತ್ತದೆ. ಸ್ಕ್ರೀನ್‌ಶಾಟ್‌ನಿಂದಲೂ ಏನೂ ಗೊತ್ತಾಗುವುದಿಲ್ಲ. ನಾವು ಮೇಲ್ ಓದಲು ಬಳಸುವ ಥಂಡರ್‌ಬರ್ಡ್ ಪ್ರೋಗ್ರಾಂನಲ್ಲಿ 'ಸೇವ್ ಆ್ಯಸ್' ಕೊಟ್ಟು ಇಎಂಎಲ್ ಫೈಲ್ ಆಗಿ ಉಳಿಸಿಕೊಳ್ಳಿ. ವೆಬ್‌ಮೇಲ್ ಆದರೆ ಮೂಲ ಸಂದೇಶ ಡೌನ್‌ಲೋಡ್ ಮಾಡುವ ಆಯ್ಕೆ ಇರುತ್ತದೆ. ಆ ಫೈಲನ್ನು ಜಿಪ್ ಮಾಡಿ ಕಳಿಸಲು ಹೇಳಿ. ಜಿಪ್ ಆದ ಮೇಲೆ ದಾರಿಯಲ್ಲಿ ಯಾರೂ ಒಂದು ಸ್ಪೇಸ್ ಕೂಡ ಮುಟ್ಟುವುದಿಲ್ಲ.

ಫೈಲನ್ನು ನೋಟ್‌ಪ್ಯಾಡ್‌ನಂಥ ಎಡಿಟರ್‌ನಲ್ಲಿ ತೆರೆದು ಓದಿ, ಆದರೆ ಸೇವ್ ಮಾಡಬೇಡಿ. ಕೆಲವು ಎಡಿಟರ್‌ಗಳು ಸಾಲಿನ ಕೊನೆಯ ಖಾಲಿ ಜಾಗವನ್ನು ತಾವಾಗಿಯೇ ಗುಡಿಸಿ ಹಾಕುತ್ತವೆ. ಆಮೇಲೆ ಇಲ್ಲದ ದೋಷವನ್ನು ನೀವೇ ಹುಟ್ಟಿಸಿಕೊಂಡು ಅರ್ಧ ದಿನ ಹುಡುಕುತ್ತೀರಿ. ನಾನು ಹುಡುಕಿದ್ದೇನೆ.

ಒಳಗೆ ಏನಿದೆ ಅಂತ ಗೊತ್ತಿದ್ದರೆ ಮುಂದಿನದು ಸಲೀಸು. ಮೇಲ್‌ಗೆ ಡಿಜಿಟಲ್ ಸಹಿ ಹಾಕುವ ಪದ್ಧತಿಗೆ ಎಸ್‌ಮೈಮ್ ಅಂತ ಹೆಸರು. ಆ ಸಹಿ ಇರುವ ಮೇಲ್ ಸಾಮಾನ್ಯವಾಗಿ ಎರಡು ಭಾಗ. ಮೊದಲನೆಯದು ನಾವು ಓದುವ ವಿಷಯ. ಎರಡನೆಯದು ಎಸ್‌ಮೈಮ್ ಡಾಟ್ ಪಿ7ಎಸ್ ಅನ್ನುವ ಪುಟ್ಟ ಅಟ್ಯಾಚ್‌ಮೆಂಟ್. ಈ ಎರಡನೆಯದರಲ್ಲಿ ಮೊದಲ ಭಾಗದ ಹ್ಯಾಶ್ (ಬರೆದದ್ದರಿಂದ ಲೆಕ್ಕ ಹಾಕಿದ ಪುಟ್ಟ ಗುರುತು, ಒಂದು ಬೈಟ್ ಬದಲಾದರೂ ಅದು ಬದಲಾಗುತ್ತದೆ) ಇರುತ್ತದೆ, ಸಹಿ ಹಾಕಿದ ಹೊತ್ತು ಇರುತ್ತದೆ, ಇವೆಲ್ಲದರ ಮೇಲೆ ಹಾಕಿದ ಸಹಿ ಇರುತ್ತದೆ, ಜೊತೆಗೆ ಸಹಿ ಹಾಕಿದವರ ಸರ್ಟಿಫಿಕೇಟ್, ಅಂದರೆ ಅವರ ಗುರುತಿನ ಚೀಟಿ.

ಇಲ್ಲಿ ಒಂದು ಮಾತು. ಮೇಲ್‌ನ ಸಬ್ಜೆಕ್ಟ್, ಫ್ರಮ್, ತಾರೀಖು ಸಾಮಾನ್ಯವಾಗಿ ಈ ಸಹಿಯ ಒಳಗೆ ಬರುವುದಿಲ್ಲ. ಸಬ್ಜೆಕ್ಟ್ ಸಾಲಿನಲ್ಲಿ '320 ಚೀಲ' ಇದ್ದದ್ದನ್ನು ಯಾರಾದರೂ '520 ಚೀಲ' ಮಾಡಿದರೂ ಸಹಿ ಪಾಸ್ ಆಗುತ್ತದೆ. ಅದಕ್ಕೇ ಆರ್ಡರ್‌ನ ಲೆಕ್ಕ ಮೇಲ್‌ನ ಒಳಗೇ ಇರಬೇಕು ಅಂತ ಆ ವ್ಯಾಪಾರಿಗೆ ಮೊದಲೇ ಹೇಳಿದ್ದೆ.

'ಸರಿ ಇಲ್ಲ' ಅಂದರೆ ಯಾವುದು ಸರಿ ಇಲ್ಲ?

ಸಹಿ ಪರೀಕ್ಷೆ ಅಂದರೆ ಒಂದು ಪ್ರಶ್ನೆ ಅಲ್ಲ. ಬರೆದದ್ದು ಹಾಗೇ ಇದೆಯೇ? ಸಹಿ ಹಾಕಿದ ಕೀ (ಸಹಿ ಹಾಕುವವರ ಬಳಿ ಮಾತ್ರ ಇರುವ ಗುಟ್ಟಿನ ಸಂಖ್ಯೆ) ಯಾರದ್ದು, ಅದಕ್ಕೆ ಯಾರು ಜಾಮೀನು? ಆ ಸರ್ಟಿಫಿಕೇಟ್ ಆ ಹೊತ್ತಿಗೆ ಚಾಲ್ತಿಯಲ್ಲಿತ್ತೇ? ಮೇಲ್ ಕಳಿಸಿದ ವಿಳಾಸ ಸರ್ಟಿಫಿಕೇಟ್‌ನಲ್ಲಿ ಇದೆಯೇ? ಇವುಗಳಲ್ಲಿ ಯಾವುದು ಬಿದ್ದರೂ ಗುಮಾಸ್ತರಿಗೆ ಕಾಣುವುದು ಹೆಚ್ಚುಕಮ್ಮಿ ಒಂದೇ ಎಚ್ಚರಿಕೆ. ನಮ್ಮ ಕೆಲಸ ಅವನ್ನು ಬಿಡಿಸಿ ನೋಡುವುದು.

ಬಿಡಿಸಲು ನನಗೆ ಓಪನ್‌ಎಸ್‌ಎಸ್‌ಎಲ್ ಸಾಕು. ಸಹಿ, ಸರ್ಟಿಫಿಕೇಟ್ ಪರೀಕ್ಷೆ ಮಾಡುವ ಉಚಿತ ಪ್ರೋಗ್ರಾಂ ಅದು. ಅದರ ಎಸ್‌ಮೈಮ್ ಕಮಾಂಡ್‌ಗೆ 'ವೆರಿಫೈ' ಅಂತ ಕೊಟ್ಟು, ಮೇಲ್ ಫೈಲಿನ ಹೆಸರು ಕೊಟ್ಟು, ರೂಟ್ ಸರ್ಟಿಫಿಕೇಟ್ (ಉಳಿದ ಸರ್ಟಿಫಿಕೇಟ್‌ಗಳಿಗೆಲ್ಲ ಮೂಲ ಜಾಮೀನು) ಇರುವ ಫೈಲನ್ನೂ ಕೊಟ್ಟರೆ ಪೂರ್ತಿ ಪರೀಕ್ಷೆ ಆಗುತ್ತದೆ. ಫೇಲ್ ಆದರೆ ಅದೇ ಕಮಾಂಡ್‌ಗೆ 'ನೋವೆರಿಫೈ' ಅನ್ನುವ ಆಯ್ಕೆಯನ್ನೂ ಸೇರಿಸಿ ಮತ್ತೊಮ್ಮೆ ಓಡಿಸಿ. ಒಂದೇ ಕಮಾಂಡ್‌ನಲ್ಲಿ 'ವೆರಿಫೈ'ಯೂ 'ನೋವೆರಿಫೈ'ಯೂ ಇರುವುದು ನೋಡಲು ತಮಾಷೆ. ಅದರ ಅರ್ಥ ಇಷ್ಟು: ಸರ್ಟಿಫಿಕೇಟ್ ಯಾರದ್ದು, ನಂಬಬಹುದೇ ಅನ್ನುವುದನ್ನು ಬಿಡು, ಬರೆದದ್ದಕ್ಕೂ ಸಹಿಗೂ ತಾಳೆ ಆಗುತ್ತದೆಯೇ, ಅಷ್ಟು ಮಾತ್ರ ನೋಡು.

ಎರಡನೇ ಸಲ ಪಾಸ್ ಆದರೆ ಸಹಿ ಹಾಕಿದ ಮೇಲೆ ಮೇಲ್‌ನ ವಿಷಯವನ್ನು ಯಾರೂ ಮುಟ್ಟಿಲ್ಲ, ತಕರಾರು ಸರ್ಟಿಫಿಕೇಟ್ ಕಡೆಯದು. ಎರಡನೇ ಸಲವೂ ಬಿದ್ದರೆ ವಿಷಯ ಬದಲಾಗಿದೆ, ಅಥವಾ ಸಹಿಯೇ ಕೆಟ್ಟಿದೆ. ಆಗ ದೋಷದ ಸಾಲುಗಳನ್ನು ಮೇಲಿನಿಂದ ಓದಿ. 'ಡೈಜೆಸ್ಟ್ ಫೇಲ್ಯೂರ್' ಅಂತ ಮೊದಲು ಬಂದು ಆಮೇಲೆ 'ಸಿಗ್ನೇಚರ್ ಫೇಲ್ಯೂರ್' ಬಂದರೆ ಹ್ಯಾಶ್ ತಾಳೆ ಆಗಿಲ್ಲ ಅಂತ ಅರ್ಥ, ಅಂದರೆ ವಿಷಯ ಬದಲಾಗಿದೆ. ಬಹಳ ಜನ ಕೊನೆಯ ಸಾಲು ಮಾತ್ರ ಓದಿ ಕೀ ತಪ್ಪಿದೆ ಅಂದುಕೊಂಡು ಟೋಕನ್ (ಕೀ ಇಟ್ಟಿರುವ ಯುಎಸ್‌ಬಿ ಕಡ್ಡಿ) ಬದಲಿಸಲು ಓಡುತ್ತಾರೆ.

ನಮ್ಮ 320 ಚೀಲದ ಮೇಲ್‌ನಲ್ಲಿ ಬಂದದ್ದು ಡೈಜೆಸ್ಟ್ ಫೇಲ್ಯೂರ್.

ಅಕ್ಷರ ಅದೇ, ಬೈಟ್ ಬೇರೆ

ಬದಲಾಗಿದೆ ಅಂದ ಕೂಡಲೇ ಮೋಸ ಅಂತ ಎದೆ ಹೊಡೆದುಕೊಳ್ಳಬೇಡಿ. ನಾನು ನೋಡಿದ ಡೈಜೆಸ್ಟ್ ತಕರಾರುಗಳಲ್ಲಿ ಜಾಸ್ತಿ ಪಾಲು ದಾರಿಯಲ್ಲಿ ಕೂತ ಮೇಲ್ ಸರ್ವರ್‌ಗಳದ್ದು. ಆ್ಯಂಟಿವೈರಸ್ ಗೇಟ್‌ವೇ ಒಂದು, 'ಈ ಮೇಲ್ ತಪಾಸಣೆ ಆಗಿದೆ' ಅಂತ ಕೆಳಗೊಂದು ಸಾಲು ಅಂಟಿಸುತ್ತದೆ. ಕಂಪನಿ ಸರ್ವರ್ ಒಂದು, ಕಾನೂನಿನ ಎಚ್ಚರಿಕೆ ಸೇರಿಸುತ್ತದೆ. 'ಹೊರಗಿನ ಮೇಲ್' ಅನ್ನುವ ಪಟ್ಟಿಯನ್ನು ಸಬ್ಜೆಕ್ಟ್‌ಗೆ ಹಾಕಿದರೆ ಸಹಿಗೆ ಏನೂ ಆಗುವುದಿಲ್ಲ, ಒಳಗೆ ಹಾಕಿದರೆ ಸಹಿ ಹೋಯಿತು.

ಇಲ್ಲಿ ಅಂಥ ಯಾವ ಸಾಲೂ ಇರಲಿಲ್ಲ. ಓದಲು ಎಲ್ಲ ಸರಿಯಾಗಿತ್ತು. ಆ ವ್ಯಾಪಾರಿಯ ಹಳೆಯ ಮೇಲ್‌ಗಳನ್ನು ತೆಗೆದು ಒಂದೊಂದಾಗಿ ಓಡಿಸಿದೆ. ಎಲ್ಲ ಪಾಸ್. ಇದೊಂದೇ ಫೇಲ್. ಅಷ್ಟರಲ್ಲಿ ಗುಮಾಸ್ತರೇ ಒಂದು ಸುಳಿವು ಕೊಟ್ಟರು: "ಇಷ್ಟು ದಿನ ಇಂಗ್ಲಿಷ್‌ನ್ಯಾಗ ಬರ್ತಿತ್ರಿ. ಇದು ಮೊದಲನೇ ಕನ್ನಡ ಆರ್ಡರ್."

ಅಲ್ಲಿಗೆ ಅರ್ಧ ಕೆಲಸ ಮುಗಿದಿತ್ತು. ಮೇಲ್‌ನ ಕಚ್ಚಾ ರೂಪ ನೋಡಿದೆ. 'ಸೋನಾ' ಇರಬೇಕಾದ ಕಡೆ ಈಕ್ವಲ್ ಗುರುತುಗಳ ಸಾಲು ಇತ್ತು. ಮೊದಲ ಅಕ್ಷರ 'ಸ' ಹೀಗೆ ಕಾಣುತ್ತಿತ್ತು: =ಇ0=ಬಿ2=ಬಿ8, ಇ ಮತ್ತು ಬಿ ಇಂಗ್ಲಿಷ್ ಅಕ್ಷರಗಳಲ್ಲಿ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಕೋಡ್‌ಗೂ ಮೂರು ಬೈಟ್. ಕೋಟೆಡ್ ಪ್ರಿಂಟಬಲ್ ಅನ್ನುವ ಪದ್ಧತಿಯಲ್ಲಿ ಆ ಒಂದೊಂದು ಬೈಟೂ ಮೂರು ಅಕ್ಷರ ಆಗುತ್ತದೆ. ಹಾಗಾಗಿ ಒಂದು 'ಸ'ಗೆ ಒಂಬತ್ತು ಅಕ್ಷರ. ಇದರಲ್ಲಿ ತಪ್ಪೇನೂ ಇಲ್ಲ, ಮೇಲ್ ಲೋಕದಲ್ಲಿ ದಿನವೂ ನಡೆಯುವ ಕೆಲಸವೇ. ಪ್ರಶ್ನೆ ಒಂದೇ: ಹೀಗೆ ಮಾಡಿದ್ದು ಸಹಿಗೆ ಮೊದಲೋ, ಆಮೇಲೋ?

ರಾಯಚೂರಿಗೆ ಫೋನ್ ಹಚ್ಚಿದೆ. ಅಲ್ಲಿ ಸಾಫ್ಟ್‌ವೇರ್ ನೋಡುವ ಹುಡುಗ ಚುರುಕು. "ಅಣ್ಣ, ನಿಮ್ಮ ಸೆಂಟ್ ಫೋಲ್ಡರ್‌ನ್ಯಾಗಿರೋ ಅದೇ ಮೇಲ್ ಜಿಪ್ ಮಾಡಿ ವಾಟ್ಸಾಪ್‌ಗೆ ಹಾಕ್ರಿ" ಅಂದೆ. ಬಂತು. ಪರೀಕ್ಷೆ ಮಾಡಿದೆ, ಪಾಸ್. ಎರಡೂ ಫೈಲ್ ಪಕ್ಕಪಕ್ಕ ಇಟ್ಟು ಹೋಲಿಸಿದೆ. ಅವರ ಫೈಲಿನಲ್ಲಿ ವಿಷಯದ ಭಾಗದ ಮೇಲೆ 'ಟ್ರಾನ್ಸ್‌ಫರ್ ಎನ್‌ಕೋಡಿಂಗ್ 8 ಬಿಟ್' ಅಂತ ಇತ್ತು, ಕೆಳಗೆ ನೇರ ಕನ್ನಡ ಬೈಟ್‌ಗಳು. ನಮ್ಮದರಲ್ಲಿ ಅದೇ ಸಾಲು 'ಕೋಟೆಡ್ ಪ್ರಿಂಟಬಲ್' ಆಗಿತ್ತು, ಕೆಳಗೆ ಈಕ್ವಲ್ ಗುರುತುಗಳು. ಬೇರೆ ಎಲ್ಲ ಒಂದೇ.

ಆದದ್ದು ಇಷ್ಟು. ಮೇಲ್ ಸರ್ವರ್‌ಗಳು ಪರಸ್ಪರ ಮಾತಾಡುವಾಗ '8 ಬಿಟ್ ಮೈಮ್ ತಗೊಳ್ತೀಯಾ?' ಅಂತ ನೋಡಿಕೊಳ್ಳುತ್ತವೆ. ಮುಂದಿನ ಸರ್ವರ್ ಆ ಸೌಲಭ್ಯ ಇದೆ ಅಂತ ಹೇಳದಿದ್ದರೆ ಹಿಂದಿನದು ಮೇಲನ್ನು 7 ಬಿಟ್‌ಗೆ, ಅಂದರೆ ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ ಇಳಿಸಿ ಕಳಿಸಬಹುದು. ಇಂಗ್ಲಿಷ್ ಬರಹ ಮೊದಲೇ 7 ಬಿಟ್, ಇಳಿಸುವ ಮಾತೇ ಇಲ್ಲ. ಕನ್ನಡ 8 ಬಿಟ್, ಇಳಿಸಲೇಬೇಕು. ಇಳಿಸಿದ ಮೇಲೂ ಪರದೆಯ ಮೇಲೆ ಕನ್ನಡ ಹಾಗೇ ಕಾಣುತ್ತದೆ. ಆದರೆ ಸಹಿ ನಿಂತಿರುವುದು ಬೈಟ್‌ಗಳ ಮೇಲೆ, ಅಕ್ಷರಗಳ ಮೇಲಲ್ಲ.

ಈ ಕಷ್ಟ ಹೊಸದೇನಲ್ಲ. ಸಹಿ ಇರುವ ಮೇಲ್‌ನ ಈ ಎರಡು ಭಾಗದ ರಚನೆಯನ್ನು ಹೇಳುವ ಆರ್‌ಎಫ್‌ಸಿ 1847 (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್‌ನ ನಿಯಮಗಳ ದಾಖಲೆ) ಬಂದಿದ್ದು 1995ರಲ್ಲಿ. ಸಹಿಗೆ ಒಳಪಡುವ ಭಾಗವನ್ನು ಮೊದಲೇ 7 ಬಿಟ್ ಮಾಡಿಕೊಂಡಿರಬೇಕು ಅಂತ ಅದರಲ್ಲೇ ಇದೆ. ಎಸ್‌ಮೈಮ್‌ನ 4.0 ಆವೃತ್ತಿಯ ಆರ್‌ಎಫ್‌ಸಿ 8551, 2019ರದ್ದು, ಅದೇ ಮಾತನ್ನು ಮತ್ತೆ ಹೇಳುತ್ತದೆ. ಇಂಗ್ಲಿಷ್‌ನಲ್ಲೇ ಬರೆದು ಇಂಗ್ಲಿಷ್‌ನಲ್ಲೇ ಪರೀಕ್ಷೆ ಮಾಡುವವರಿಗೆ ಇದು ಎಂದೂ ಎದುರಾಗುವುದಿಲ್ಲ. ನಮಗೆ ಮೊದಲ ಕನ್ನಡ ಆರ್ಡರ್‌ಗೇ ಎದುರಾಯಿತು.

ಸರಿಪಡಿಸುವುದು ಕಳಿಸುವವರ ಕಡೆಯ ಕೆಲಸ. ಸಹಿ ಹಾಕುವ ಮೊದಲೇ ವಿಷಯದ ಭಾಗವನ್ನು ಬೇಸ್64 (7 ಬಿಟ್‌ಗೆ ಇಳಿಸುವ ಇನ್ನೊಂದು ಪದ್ಧತಿ) ಮಾಡಿ, ಆಮೇಲೆ ಅದರ ಮೇಲೆ ಸಹಿ ಹಾಕಬೇಕು. ಹುಡುಗ ಸಾಫ್ಟ್‌ವೇರ್‌ನಲ್ಲಿ ಆ ಸಾಲು ಬದಲಿಸಿ ಮಧ್ಯಾಹ್ನದ ಊಟಕ್ಕೆ ಮೊದಲೇ ಟೆಸ್ಟ್ ಮೇಲ್ ಹಾಕಿದ. ಕಚ್ಚಾ ರೂಪದಲ್ಲಿ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ, ಸಹಿ ಮಾತ್ರ ಪಾಸ್. ಕೋಟೆಡ್ ಪ್ರಿಂಟಬಲ್ ಆಗಿ ಬಂದ ಮೇಲನ್ನು ನಮ್ಮ ಕಡೆ ತಿದ್ದಿ ವಾಪಸ್ 8 ಬಿಟ್ ಮಾಡಿ ನೋಡೋಣ ಅನ್ನುವ ಬುದ್ಧಿವಂತಿಕೆ ಬೇಡ. ಊಹೆ ಮಾಡಿ ಪಾಸ್ ಮಾಡಿಸುವ ಪರೀಕ್ಷೆಗೆ ಬೆಲೆ ಇಲ್ಲ.

ತಕರಾರು ಸರ್ಟಿಫಿಕೇಟ್ ಕಡೆ ಇದ್ದರೆ

'ನೋವೆರಿಫೈ' ಜೊತೆ ಪಾಸ್ ಆಗಿ, ಅದಿಲ್ಲದೆ ಫೇಲ್ ಆದರೆ ದೋಷ ಯಾವುದು ಅಂತ ನೋಡಿ. ಎಸ್‌ಮೈಮ್ ಕಮಾಂಡ್ ಅದನ್ನು ಇಂಗ್ಲಿಷ್ ಮಾತಿನಲ್ಲಿ ಹೇಳುತ್ತದೆ, ನಾನು ಕೆಳಗೆ ಬರೆದದ್ದು ಓಪನ್‌ಎಸ್‌ಎಸ್‌ಎಲ್ ಆ ದೋಷಗಳಿಗೆ ಇಟ್ಟಿರುವ ಸಂಖ್ಯೆ.

20 ಬಂದರೆ, ಸರ್ಟಿಫಿಕೇಟ್ ಕೊಟ್ಟವರ ಸರ್ಟಿಫಿಕೇಟ್ ಸಿಕ್ಕಿಲ್ಲ. ನಮ್ಮಲ್ಲಿ ತೀರಾ ಸಾಮಾನ್ಯವಾದ ತಕರಾರು ಇದೇ. ನಮ್ಮ ದೇಶದ ಡಿಎಸ್‌ಸಿಗಳ (ಡಿಜಿಟಲ್ ಸಹಿಯ ಸರ್ಟಿಫಿಕೇಟ್‌ಗಳ) ಸರಪಳಿ ಹೀಗಿದೆ: ಮೇಲೆ ಸಿಸಿಎಯ, ಅಂದರೆ ಇವನ್ನೆಲ್ಲ ನಿಯಂತ್ರಿಸುವ ಸರ್ಕಾರಿ ಕಚೇರಿಯ ರೂಟ್, ಅದರ ಕೆಳಗೆ ಲೈಸೆನ್ಸ್ ಪಡೆದ ಸಿಎ, ಅಂದರೆ ಸರ್ಟಿಫಿಕೇಟ್ ಕೊಡುವ ಸಂಸ್ಥೆ, ಆಮೇಲೆ ನಮ್ಮ ನಿಮ್ಮ ಸರ್ಟಿಫಿಕೇಟ್. 2000ದ ಐಟಿ ಕಾಯ್ದೆಯಿಂದ ಬಂದ ಏರ್ಪಾಡು ಇದು. ಕಳಿಸುವವರ ಸಾಫ್ಟ್‌ವೇರ್ ನಡುವಿನ ಕೊಂಡಿಯನ್ನು ಜೊತೆಗೆ ಕಳಿಸದಿದ್ದರೆ ಸರಪಳಿ ಕೂಡುವುದಿಲ್ಲ. ವಿಂಡೋಸ್ ಕೆಲವೊಮ್ಮೆ ಆ ನಡುವಿನದನ್ನು ಸರ್ಟಿಫಿಕೇಟ್ ಒಳಗಿನ ವಿಳಾಸ ನೋಡಿ ತಾನೇ ಇಳಿಸಿಕೊಳ್ಳುತ್ತದೆ, ಓಪನ್‌ಎಸ್‌ಎಸ್‌ಎಲ್ ಹಾಗೆ ಮಾಡುವುದಿಲ್ಲ. 'ನನ್ನ ಮಷೀನ್‌ನಲ್ಲಿ ಸರಿ ಇದೆಯಲ್ಲ' ಅನ್ನುವ ಜಗಳ ಹುಟ್ಟುವುದು ಇಲ್ಲಿಂದ.

ಥಂಡರ್‌ಬರ್ಡ್ ಬಳಸುವವರಿಗೆ ಇನ್ನೊಂದು ಸಂಗತಿ. ಯಾವ ರೂಟ್‌ಗಳನ್ನು ನಂಬಬೇಕು ಅನ್ನುವುದಕ್ಕೆ ಅದು ವಿಂಡೋಸ್‌ನ ಪಟ್ಟಿಯ ಮೇಲೆ ನಿಂತಿಲ್ಲ, ಅದರ ಹಿಂದಿರುವ ಮೊಜಿಲ್ಲಾದ ಸ್ವಂತ ಪಟ್ಟಿ ಇದೆ. ಸಿಸಿಎ ರೂಟ್ ಅದರಲ್ಲಿ ಇಲ್ಲ. 2014ರ ಜುಲೈನಲ್ಲಿ ಸರ್ಕಾರದ ಕಂಪ್ಯೂಟರ್ ಕೆಲಸ ನೋಡುವ ಎನ್‌ಐಸಿಯ ಸಿಎಯಿಂದ ಗೂಗಲ್‌ನ ಡೊಮೇನ್‌ಗಳಿಗೆ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಟಿದ್ದು ಬಯಲಾಯಿತು. ಆಗ ಮೈಕ್ರೋಸಾಫ್ಟ್ ಪಟ್ಟಿ ನಂಬಿದ ವಿಂಡೋಸ್ ಪ್ರೋಗ್ರಾಂಗಳಿಗೆ ಅಪಾಯ ಇತ್ತು, ಮೊಜಿಲ್ಲಾದ್ದೇ ಆದ ಫೈರ್‌ಫಾಕ್ಸ್ ಬ್ರೌಸರ್‌ಗೆ ತಟ್ಟಲಿಲ್ಲ, ಕಾರಣ ಇದೇ. ಹಾಗಾಗಿ ಥಂಡರ್‌ಬರ್ಡ್‌ಗೆ ರೂಟನ್ನು ನಾವೇ ಸೇರಿಸಬೇಕು: ಸೆಟ್ಟಿಂಗ್ಸ್‌ನ ಪ್ರೈವೆಸಿ ಭಾಗದಲ್ಲಿ ಮ್ಯಾನೇಜ್ ಸರ್ಟಿಫಿಕೇಟ್ಸ್, ಅಲ್ಲಿ ಅಥಾರಿಟೀಸ್, ಇಂಪೋರ್ಟ್. ಮೇಲ್ ಬಳಕೆದಾರರನ್ನು ಗುರುತಿಸಲು ನಂಬು ಅನ್ನುವ ಚೌಕಕ್ಕೆ ಮಾತ್ರ ಟಿಕ್ ಹಾಕಿ. ವೆಬ್‌ಸೈಟ್‌ಗಳ ಚೌಕ ಖಾಲಿ ಇರಲಿ. ರೂಟ್ ಫೈಲನ್ನು ಸಿಸಿಎಯ ಸ್ವಂತ ಸೈಟ್‌ನಿಂದಲೇ ತಗೊಳ್ಳಿ, ಫಿಂಗರ್‌ಪ್ರಿಂಟ್ ಅನ್ನುವ ಅದರ ಗುರುತಿನ ಅಂಕಿಯನ್ನು ತಾಳೆ ನೋಡಿ. ಆ ತಕರಾರು ಇರುವ ಮೇಲ್‌ನ ಒಳಗಿಂದಲೇ ಸರ್ಟಿಫಿಕೇಟ್ ತೆಗೆದು 'ಟ್ರಸ್ಟ್' ಒತ್ತುವುದಂತೂ ಬೇಡವೇ ಬೇಡ. ಬಾಗಿಲಿಗೆ ಬಂದವನು ತಾನೇ ಬರೆದುಕೊಂಡ ಗುರುತಿನ ಚೀಟಿ ತೋರಿಸಿದ ಹಾಗೆ ಅದು.

10 ಅಂದರೆ ಅವಧಿ ಮುಗಿದಿದೆ. 9 ಅಂದರೆ ಅವಧಿ ಇನ್ನೂ ಶುರುವಾಗಿಲ್ಲ. 9 ಬಂದರೆ ಮೇಲ್ ಬಿಟ್ಟು ಗಡಿಯಾರ ನೋಡಿ. ಇದೇ ಮಿಲ್‌ನ ವೇಬ್ರಿಡ್ಜ್ ಕಂಪ್ಯೂಟರ್‌ನಲ್ಲಿ ಒಮ್ಮೆ ಹಾಗಾಯಿತು. ಶಾರ್ಟ್ ಸರ್ಕ್ಯೂಟ್ ಭಯಕ್ಕೆ ರಾತ್ರಿ ಮೇನ್ ಸ್ವಿಚ್ಚೇ ಆಫ್ ಮಾಡುತ್ತಾರೆ. ಮದರ್‌ಬೋರ್ಡ್‌ನ ಬಟನ್ ಸೆಲ್ ಸತ್ತಿತ್ತು. ಬೆಳಿಗ್ಗೆ ಆನ್ ಮಾಡಿದರೆ ತಾರೀಖು ಎಷ್ಟೋ ವರ್ಷ ಹಿಂದೆ. ಬ್ರೌಸರ್ ಕೂಡ ಎಲ್ಲ ಸೈಟ್‌ಗೂ ಗೊಣಗುತ್ತಿದ್ದರೆ ಇದೇ ಅಂತ ತಿಳಿಯಿರಿ. ಒಂದು ಸಿಆರ್2032 ಸೆಲ್ ಹಾಕಿದರೆ ಮುಗಿಯಿತು.

26 ಬಂದರೆ, ಸರ್ಟಿಫಿಕೇಟ್ ಮೇಲ್‌ಗೆ ಸಹಿ ಹಾಕಲು ಕೊಟ್ಟದ್ದಲ್ಲ, ಬೇರೆ ಕೆಲಸದ್ದು.

ರದ್ದಾದ ಸರ್ಟಿಫಿಕೇಟ್ ಸ್ವಲ್ಪ ತಲೆನೋವು. ಕೆಲಸ ಬಿಟ್ಟ ಮ್ಯಾನೇಜರ್‌ರ ಡಿಎಸ್‌ಸಿ ರದ್ದು ಮಾಡಿಸಿದರೆ, ಅವರು ಕಳೆದ ವರ್ಷ ಹಾಕಿದ ಒಳ್ಳೆಯ ಸಹಿಗಳೂ ಇವತ್ತು ಫೇಲ್ ಅಂತ ಬರಬಹುದು. ಸಹಿಯೊಳಗಿನ ಹೊತ್ತು ಅವರದೇ ಕಂಪ್ಯೂಟರ್ ಗಡಿಯಾರದ್ದು, ಅದನ್ನು ಹಿಂದೆ ತಿರುಗಿಸುವುದು ಯಾರಿಗೂ ಕಷ್ಟವಲ್ಲ. ನಾನು ಸಿಆರ್‌ಎಲ್‌ನಲ್ಲಿ (ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿ, ಸಿಎ ಹೊರಡಿಸುತ್ತದೆ) ರದ್ದಾದ ತಾರೀಖು ನೋಡುತ್ತೇನೆ, ನಮ್ಮ ಸರ್ವರ್‌ಗೆ ಆ ಮೇಲ್ ಬಂದ ತಾರೀಖನ್ನು 'ರಿಸೀವ್ಡ್' ಸಾಲಿನಲ್ಲಿ ನೋಡುತ್ತೇನೆ, ಎರಡನ್ನೂ ಬರೆದಿಟ್ಟು ಮಾಲೀಕರ ಮುಂದೆ ಇಡುತ್ತೇನೆ. ತೀರ್ಮಾನ ಅವರದು. ಮುಂದೆ ಕೋರ್ಟ್ ಕಚೇರಿ ಅಂತ ಬರಬಹುದಾದ ಕಾಗದಕ್ಕೆ ಸಹಿ ಹಾಕುವಾಗಲೇ ಟೈಮ್‌ಸ್ಟ್ಯಾಂಪ್, ಅಂದರೆ ನಂಬಬಹುದಾದ ಮೂರನೆಯವರು ಕೊಡುವ ಹೊತ್ತಿನ ಮುದ್ರೆ, ಸೇರಿಸಿಕೊಳ್ಳುವುದು ಒಳ್ಳೆಯದು.

ಪಿಡಿಎಫ್‌ನ ಹಳದಿ ಪ್ರಶ್ನೆ ಗುರುತಿನ ಕಥೆಯೂ 20ರ ಕಥೆಯೇ. ಇ-ಆಧಾರ್ ತೆರೆದರೆ ಕಾಣುವ ಆ ಗುರುತಿಗೆ 'ಸುಳ್ಳು' ಅಂತ ಅರ್ಥವಲ್ಲ, 'ಜಾಮೀನು ಕೊಟ್ಟವರು ನನಗೆ ಗೊತ್ತಿಲ್ಲ' ಅಂತ ಅಷ್ಟೇ. ಪ್ರಿಂಟ್ ತೆಗೆದ ಮೇಲೆ ಟಿಕ್ ಇದ್ದರೂ ಒಂದೇ, ಪ್ರಶ್ನೆ ಗುರುತು ಇದ್ದರೂ ಒಂದೇ. ಕಾಗದದ ಮೇಲೆ ಡಿಜಿಟಲ್ ಸಹಿ ಉಳಿಯುವುದಿಲ್ಲ.

ನನ್ನದೇ ತಪ್ಪು

ಮೇಲೆ 'ನೋವೆರಿಫೈ' ಅಂತ ಹೇಳಿದೆನಲ್ಲ. ಆ ಮಿಲ್‌ಗೆ ಇನ್ನೊಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ಬಂದ ಆರ್ಡರ್ ಮೇಲ್‌ಗಳನ್ನು ರಾತ್ರಿ ತಾನೇ ಪರೀಕ್ಷೆ ಮಾಡಿ, ಒಂದು ಪಟ್ಟಿಯಲ್ಲಿ ಪಾಸ್, ಫೇಲ್ ಅಂತ ಬರೆಯುವುದು ಅದರ ಕೆಲಸ. ಈ 320 ಚೀಲದ ಗಲಾಟೆ ಮುಗಿದ ಮೇಲೆ ಆ ಸ್ಕ್ರಿಪ್ಟ್ ತೆರೆದು ನೋಡಿದೆ. ಟೆಸ್ಟ್ ಮಾಡುವಾಗ ಹಾಕಿದ್ದ 'ನೋವೆರಿಫೈ' ಅದರಲ್ಲಿ ಹಾಗೇ ಕೂತಿತ್ತು. ಅಂದರೆ ಅಷ್ಟು ದಿನ ಯಾರು ಬೇಕಾದರೂ ಮನೆಯಲ್ಲೇ ಒಂದು ಸರ್ಟಿಫಿಕೇಟ್ ಮಾಡಿಕೊಂಡು, ವ್ಯಾಪಾರಿಯ ಹೆಸರಿನಲ್ಲಿ ಸಹಿ ಹಾಕಿ ಕಳಿಸಿದ್ದರೆ ನನ್ನ ಸ್ಕ್ರಿಪ್ಟ್ 'ಪಾಸ್' ಅಂತ ಬರೆಯುತ್ತಿತ್ತು. ಗುಮಾಸ್ತರು ಥಂಡರ್‌ಬರ್ಡ್‌ನಲ್ಲಿ ಕಣ್ಣಾರೆ ನೋಡುತ್ತಿದ್ದದ್ದೇ ನಮ್ಮ ಪುಣ್ಯ.

ಆ ಪದ ಅಳಿಸಿದೆ. ಇನ್ನೆರಡು ಸಂಗತಿ ಸೇರಿಸಿದೆ. ಒಂದು, ಸರ್ಟಿಫಿಕೇಟ್ ಒಳಗಿನ ಮೇಲ್ ವಿಳಾಸಕ್ಕೂ ಫ್ರಮ್ ವಿಳಾಸಕ್ಕೂ ತಾಳೆ ನೋಡುವುದು. ಇದನ್ನು ಓಪನ್‌ಎಸ್‌ಎಸ್‌ಎಲ್‌ನ ಆ ಕಮಾಂಡ್ ತಾನಾಗಿ ಮಾಡುವುದಿಲ್ಲ. ಇನ್ನೊಂದು, ಚೀಲದ ಲೆಕ್ಕವನ್ನು ಮೂಲ ಮೇಲ್‌ನಿಂದ ಓದದೆ, ಪರೀಕ್ಷೆ ಮುಗಿಸಿ ಕಮಾಂಡ್ ಹೊರಗೆ ಕೊಡುವ ವಿಷಯದಿಂದ ಮಾತ್ರ ಓದುವುದು. ಸಹಿ ಇರುವ ಭಾಗದ ಅಕ್ಕಪಕ್ಕ ಸಹಿ ಇಲ್ಲದ ಸಾಲು ಅಂಟಿಸಿ ಕಳಿಸುವುದು ಸಾಧ್ಯ. ಮೂಲ ಮೇಲ್ ಓದಿದರೆ ಅದೂ ಲೆಕ್ಕಕ್ಕೆ ಬಂದುಬಿಡುತ್ತದೆ.

ಹಳೆಯ ಮೇಲ್‌ಗಳನ್ನೆಲ್ಲ ಹೊಸ ಸ್ಕ್ರಿಪ್ಟ್‌ಗೆ ಮತ್ತೆ ಕೊಟ್ಟೆ. ಇನ್ನೊಬ್ಬ ಖರೀದಿದಾರರ ಮೇಲ್‌ಗಳು ಸಾಲಾಗಿ ಬಿದ್ದವು. ದೋಷ 10. ಸರ್ಟಿಫಿಕೇಟ್ ನವೀಕರಿಸಿ ಎಷ್ಟೋ ದಿನ ಆಗಿತ್ತು, ಅವರ ಸಾಫ್ಟ್‌ವೇರ್ ಮಾತ್ರ ಹಳೆಯದರಲ್ಲೇ ಸಹಿ ಹಾಕುತ್ತಿತ್ತು. ಗುಮಾಸ್ತರನ್ನು ಕೇಳಿದೆ. "ಅವರದು ಯಾವಾಗ್ಲೂ ಹಂಗ ಬರ್ತೈತ್ರಿ ಸರ್. ನಿಮ್ಮ ಪಟ್ಟಿಯೊಳಗ ಪಾಸ್ ಅಂತ ಇರ್ತಿತ್ತಲ್ಲ, ಅದನ್ನ ನೋಡಿ ಕಳಿಸ್ತಿದ್ವಿ" ಅಂದರು.